ಒಂದು ಪೆನ್ನಿಗೆ ಎಷ್ಟು ಏಲ್? ಇಂಗ್ಲೆಂಡಿನ ಹಳೆಯ ಬೆಲೆ ನಿಯಂತ್ರಣ ಕುರಿತು ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನೀವು ಯುರೋಪಿನ ಆರ್ಥಿಕ ಇತಿಹಾಸವನ್ನು ಬೋಧಿಸುವವರಾದ್ದರಿಂದ ಈ ಸಂದೇಹವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಟ್ಯೂಡರ್ ಅರಸರ ಕಾಲದ (1485–1603) ಇಂಗ್ಲೆಂಡಿನಲ್ಲಿ ಏಲ್ (ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ ಹುದುಗಿಸಿ ಮಾಡುವ ಪಾನೀಯ) ಮತ್ತು ಬಿಯರ್‌ಗಳ ಬೆಲೆಯನ್ನು ಆಡಳಿತವೇ ಗೊತ್ತುಪಡಿಸುತ್ತಿತ್ತು ಎಂದು ಓದಿದೆ. ಊರೂರಿನ ಮನೆಗಳಲ್ಲಿ ತಯಾರಾಗುತ್ತಿದ್ದ ಪಾನೀಯಕ್ಕೆ ಹೀಗೆ ಬೆಲೆ ಕಟ್ಟುವುದು ಹೇಗೆ ಸಾಧ್ಯವಾಯಿತು? ಅದರ ಅಗತ್ಯವಾದರೂ ಏನಿತ್ತು?

ಉತ್ತರ: ಅಗತ್ಯವನ್ನು ಮೊದಲು ನೋಡೋಣ. ಅಂದಿನ ಇಂಗ್ಲೆಂಡಿನಲ್ಲಿ ಏಲ್ ಮೋಜಿನ ವಸ್ತುವಾಗಿರಲಿಲ್ಲ, ದಿನನಿತ್ಯದ ಆಹಾರವಾಗಿತ್ತು. ಜನ ನೀರನ್ನು ಕುಡಿಯುತ್ತಲೇ ಇರಲಿಲ್ಲ ಎಂಬ ಪ್ರಚಲಿತ ಮಾತನ್ನು ನಾನು ಒಪ್ಪುವುದಿಲ್ಲ, ಬಾವಿ ಮತ್ತು ತೊರೆಗಳ ನೀರನ್ನು ಧಾರಾಳವಾಗಿ ಕುಡಿಯುತ್ತಿದ್ದರು. ಆದರೆ ದುಡಿಯುವವರ ಹೊಟ್ಟೆ ತುಂಬಿಸುವುದರಲ್ಲಿ ರೊಟ್ಟಿಯ ಜೊತೆಗೆ ಏಲ್‌ಗೂ ದೊಡ್ಡ ಪಾಲಿತ್ತು. ಎರಡೂ ಒಂದೇ ಧಾನ್ಯದ ಕಣಜದಿಂದ ಬರುತ್ತಿದ್ದವು. ಆದ್ದರಿಂದಲೇ ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, ಸುಮಾರು 1266–67ರಲ್ಲಿ ಜಾರಿಗೆ ಬಂದ ಕಟ್ಟಳೆಯು ರೊಟ್ಟಿ ಮತ್ತು ಏಲ್ ಎರಡನ್ನೂ ಒಟ್ಟಿಗೆ ಹಿಡಿಯಿತು. ಟ್ಯೂಡರ್ ಕಾಲದ ಕಾನೂನುಗಳೆಲ್ಲ ಈ ಹಳೆಯ ಅಡಿಪಾಯದ ಮೇಲೆಯೇ ನಿಂತಿವೆ.

ಇನ್ನು ವಿಧಾನ. ಆ ಕಟ್ಟಳೆಯು ಒಂದೇ ಸ್ಥಿರ ಬೆಲೆಯನ್ನು ಹೇಳದೆ ಧಾನ್ಯದ ಬೆಲೆಗೆ ಏಲ್ ಬೆಲೆಯನ್ನು ಕಟ್ಟಿಹಾಕಿತು. ಒಂದು ಕ್ವಾರ್ಟರ್, ಅಂದರೆ ಎಂಟು ಬುಷೆಲ್ (ಧಾನ್ಯದ ಹಳೆಯ ಅಳತೆ) ಗೋಧಿಗೆ 3 ಶಿಲಿಂಗ್ ಅಥವಾ 3 ಶಿಲಿಂಗ್ 4 ಪೆನ್ನಿ (12 ಪೆನ್ನಿಗೆ ಒಂದು ಶಿಲಿಂಗ್), ಅಷ್ಟೇ ಬಾರ್ಲಿಗೆ 20 ಪೆನ್ನಿ ಅಥವಾ 2 ಶಿಲಿಂಗ್, ಓಟ್ಸ್‌ಗೆ 16 ಪೆನ್ನಿ ಇರುವಾಗ, ಪಟ್ಟಣದ ತಯಾರಕರು ಒಂದು ಪೆನ್ನಿಗೆ ಎರಡು ಗ್ಯಾಲನ್ ಏಲ್ ಕೊಡಬೇಕು. ಪಟ್ಟಣದ ಹೊರಗೆ ಮೂರು ಅಥವಾ ನಾಲ್ಕು ಗ್ಯಾಲನ್ ಕೊಡಬೇಕು. ಧಾನ್ಯ ತುಟ್ಟಿಯಾದರೆ ಅಳತೆ ಇಳಿಯುತ್ತದೆ, ಅಗ್ಗವಾದರೆ ಏರುತ್ತದೆ. ಈ ಲೆಕ್ಕದ ಹಿಂದಿನ ಆಲೋಚನೆ ಸರಳವಾದದ್ದು: ತಯಾರಕನಿಗೆ ಅವನ ಶ್ರಮದ ಫಲ ಸಿಗಲಿ, ಬರಗಾಲದ ಲಾಭ ಮಾತ್ರ ಸಿಗದಿರಲಿ.

ಹಾಪ್ಸ್ ಎಂಬ ಕಹಿ ಹೂವನ್ನು ಹಾಕದ ಏಲ್ ಕೆಲವೇ ದಿನಗಳಲ್ಲಿ ಹುಳಿಯುತ್ತಿದ್ದುದರಿಂದ ಅದನ್ನು ಕೂಡಿಡುವುದಾಗಲಿ, ದೂರದ ಊರಿಗೆ ಸಾಗಿಸುವುದಾಗಲಿ ಆಗುತ್ತಿರಲಿಲ್ಲ. ಹೀಗಾಗಿ ಆಯಾ ಊರಿನ ಸಂತೆಯಲ್ಲಿ ಆ ವಾರ ನಡೆದ ಧಾನ್ಯದ ದರವನ್ನು ನೋಡಿ, ಅದೇ ಊರಿನ ಏಲ್‌ಗೆ ಬೆಲೆ ಗೊತ್ತುಮಾಡಿದರೆ ಸಾಕಾಗುತ್ತಿತ್ತು.

ಪ್ರಶ್ನೆ: ಇದನ್ನು ಪರೀಕ್ಷಿಸುತ್ತಿದ್ದವರು ಯಾರು? ಅಧಿಕಾರಿಯು ಬೆಂಚಿನ ಮೇಲೆ ಏಲ್ ಸುರಿದು, ಚರ್ಮದ ಚಡ್ಡಿ ತೊಟ್ಟು ಅದರ ಮೇಲೆ ಕುಳಿತು, ಚಡ್ಡಿ ಅಂಟಿಕೊಳ್ಳುತ್ತದೆಯೇ ಎಂದು ನೋಡುತ್ತಿದ್ದನಂತೆ. ಇದು ನಿಜವೇ?

ಉತ್ತರ: ಚಡ್ಡಿಯ ಕಥೆ ರಂಜನೀಯವಾದರೂ ಅದು ನಂತರದ ಕಾಲದ ಕಟ್ಟುಕಥೆ. ಬಾಯಿ ಇರುವಾಗ ಬೆಂಚಿನ ಹಂಗು ಯಾರಿಗೂ ಬೇಕಿರಲಿಲ್ಲ. ಏಲ್ ರುಚಿ ನೋಡುವ ಅಧಿಕಾರಿಗಳು ಮಾತ್ರ ನಿಜ. ಊರಿನ ಅಥವಾ ಜಮೀನ್ದಾರಿಯ ನ್ಯಾಯಸಭೆಯು ಅವರನ್ನು ನೇಮಿಸುತ್ತಿತ್ತು. ಹೊಸ ಏಲ್ ಸಿದ್ಧವಾದಾಗ ತಯಾರಕರು ಬಾಗಿಲ ಮುಂದೆ ಕೋಲನ್ನೋ ಸೊಪ್ಪಿನ ಕಂತೆಯನ್ನೋ ನೆಟ್ಟು ಸೂಚನೆ ಕೊಡುತ್ತಿದ್ದರು. ಅಧಿಕಾರಿಯು ಬಂದು ರುಚಿ, ಅಳತೆ, ಬೆಲೆ ಮೂರನ್ನೂ ನೋಡಿ, ತಪ್ಪಿದ್ದರೆ ಸಭೆಗೆ ವರದಿ ಮಾಡುತ್ತಿದ್ದನು. ನಾಟಕಕಾರ ಶೇಕ್ಸ್‌ಪಿಯರನ ತಂದೆ ಜಾನ್ ಶೇಕ್ಸ್‌ಪಿಯರ್ 1556ರಲ್ಲಿ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲಿ ಇದೇ ಹುದ್ದೆಗೆ ಆಯ್ಕೆಯಾಗಿದ್ದನು.

ಮರುಪ್ರಶ್ನೆ: ಹಾಗಾದರೆ ತಪ್ಪಿತಸ್ಥರಿಗೆ ಶಿಕ್ಷೆಯಾಗುತ್ತಿತ್ತೇ?

ಉತ್ತರ: ಕಾಗದದ ಮೇಲೆ ಕಠಿಣ ಶಿಕ್ಷೆ ಇತ್ತು. ಪದೇ ಪದೇ ತಪ್ಪು ಮಾಡಿದವರನ್ನು ಜನರೆದುರು ನಿಲ್ಲಿಸಿ ಅವಮಾನಿಸಬೇಕೆಂದು ಕಟ್ಟಳೆ ಹೇಳುತ್ತಿತ್ತು. ಆದರೆ ನ್ಯಾಯಸಭೆಗಳ ದಾಖಲೆಗಳನ್ನು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬಹಳಷ್ಟು ಊರುಗಳಲ್ಲಿ ಪ್ರತಿ ಸಭೆಯಲ್ಲಿಯೂ ಹೆಚ್ಚುಕಡಿಮೆ ಎಲ್ಲ ತಯಾರಕರ ಮೇಲೂ ಕೆಲವು ಪೆನ್ನಿಗಳ ದಂಡ ಬೀಳುತ್ತದೆ. ಮುಂದಿನ ಸಭೆಯಲ್ಲಿ ಅವರದೇ ಹೆಸರುಗಳು, ಅಷ್ಟೇ ದಂಡ. ಇದು ದಂಡದ ಹೆಸರಿನಲ್ಲಿ ವಸೂಲಾಗುತ್ತಿದ್ದ ಪರವಾನಗಿ ಶುಲ್ಕವೆಂದೇ ನನ್ನ ಅಭಿಪ್ರಾಯ. ಇತಿಹಾಸಕಾರರಿಗೆ ಮಾತ್ರ ಇದರಿಂದ ದೊಡ್ಡ ಉಪಕಾರವಾಗಿದೆ, ಏಕೆಂದರೆ ಮಧ್ಯಯುಗದ ಹಳ್ಳಿಗಳಲ್ಲಿ ಏಲ್ ಮಾಡಿ ಮಾರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದು ನಮಗೆ ತಿಳಿದಿರುವುದು ಈ ದಂಡದ ಪಟ್ಟಿಗಳಿಂದಲೇ.

ಪ್ರಶ್ನೆ: ಆ ಹೆಂಗಸರು ಮುಂದೆ ಏನಾದರು? 1600ರ ವೇಳೆಗೆ ಈ ಕಸುಬು ಗಂಡಸರ ಕೈಗೆ ಹೋಗಿತ್ತು ಎನ್ನುತ್ತಾರೆ. ಅದಕ್ಕೆ ಕಾನೂನೇ ಕಾರಣವೇ?

ಉತ್ತರ: ಕಾನೂನೊಂದೇ ಕಾರಣವಲ್ಲ. ಹಾಪ್ಸ್ ಹಾಕಿದ ಬಿಯರ್ ನೆದರ್ಲ್ಯಾಂಡ್ಸ್ ಕಡೆಯಿಂದ ಬಂದು, 15 ಮತ್ತು 16ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಪಟ್ಟಣಗಳಲ್ಲಿ ಬೇರೂರಿತು. ಅದು ಬಹುಕಾಲ ಕೆಡದು, ದೂರಕ್ಕೆ ಸಾಗಿಸಬಹುದು, ಸೇನೆಗೂ ಹಡಗುಗಳಿಗೂ ಸಗಟಾಗಿ ಒದಗಿಸಬಹುದು. ಆದರೆ ಅದಕ್ಕೆ ದೊಡ್ಡ ಕಡಾಯಿಗಳು, ಪೀಪಾಯಿಗಳು, ಕೂಲಿಯಾಳುಗಳು, ಸಾಲದ ವ್ಯವಸ್ಥೆ ಎಲ್ಲವೂ ಬೇಕು. ಅಡುಗೆಮನೆಯ ಪಾತ್ರೆಯಲ್ಲಿ ಏಲ್ ಮಾಡಿ, ಮನೆಗೆ ಉಳಿದದ್ದನ್ನು ನೆರೆಯವರಿಗೆ ಮಾರುತ್ತಿದ್ದ ಹೆಂಗಸಿಗೆ ಆ ಬಂಡವಾಳ ಎಲ್ಲಿಂದ ಬರಬೇಕು? ಆಡಳಿತವೂ ದೊಡ್ಡ ತಯಾರಕರ ಕಡೆಗೇ ವಾಲಿತು, ಏಕೆಂದರೆ ನೂರು ಮನೆಗಳನ್ನು ಕಾಯುವುದಕ್ಕಿಂತ ನಾಲ್ಕು ಕಾರ್ಖಾನೆಗಳನ್ನು ಕಾಯುವುದು ಸುಲಭ.

ಎಂಟನೆಯ ಹೆನ್ರಿಯ 1531ರ ಶಾಸನದಲ್ಲಿ ಈ ಬದಲಾವಣೆಯ ಗುರುತು ಸ್ಪಷ್ಟವಾಗಿದೆ. ಪಟ್ಟಣಗಳಲ್ಲಿ ಮೇಯರ್ ಮೊದಲಾದವರು, ಹೊರಗೆ ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಗಳು ಬೆಲೆ ಗೊತ್ತುಮಾಡಬೇಕೆಂದು ಅದು ವಿಧಿಸಿತು. ಬಿಯರ್ ಪೀಪಾಯಿ 36 ಗ್ಯಾಲನ್, ಏಲ್ ಪೀಪಾಯಿ 32 ಗ್ಯಾಲನ್ ಹಿಡಿಯಬೇಕು ಎಂದಿತು. ತಯಾರಕರು ತಮ್ಮ ಪೀಪಾಯಿಗಳನ್ನು ತಾವೇ ಮಾಡಿಕೊಳ್ಳಕೂಡದು ಎಂದೂ ನಿಷೇಧಿಸಿತು. ಬೆಲೆಯನ್ನು ಕಾನೂನು ಹಿಡಿದಿಟ್ಟಾಗ ಪೀಪಾಯಿಯನ್ನು ಒಂದೆರಡು ಗ್ಯಾಲನ್ ಕಿರಿದು ಮಾಡುವುದೇ ಬೆಲೆಯೇರಿಕೆಯ ಗುಪ್ತದಾರಿ ಎಂಬುದನ್ನು ಶಾಸನ ಬರೆದವರು ಚೆನ್ನಾಗಿ ಅರಿತಿದ್ದರು.

ಪ್ರಶ್ನೆ: 1604ರ ಕಾನೂನಿನಲ್ಲಿ ಸ್ಥಿರ ಬೆಲೆಯೇ ಇತ್ತು ಎಂದು ಕೇಳಿದ್ದೇನೆ. ಅದು ನಡೆಯಿತೇ?

ಉತ್ತರ: ಮೊದಲನೆಯ ಜೇಮ್ಸ್‌ನ ಆ ಶಾಸನದ ಪ್ರಕಾರ ಒಂದು ಪೆನ್ನಿಗೆ ಅತ್ಯುತ್ತಮ ಏಲ್ ಅಥವಾ ಬಿಯರ್ ಒಂದು ತುಂಬು ಕ್ವಾರ್ಟ್, ಅಂದರೆ ಸುಮಾರು 1.15 ಲೀಟರ್, ತೆಳುವಾದದ್ದಾದರೆ ಎರಡು ಕ್ವಾರ್ಟ್ ಕೊಡಬೇಕಿತ್ತು. ತಪ್ಪಿದರೆ 20 ಶಿಲಿಂಗ್ ದಂಡ. ಹಳೆಯ ಕಟ್ಟಳೆಯ ಉದಾಹರಣೆಯಲ್ಲಿ ಪಟ್ಟಣದವನಿಗೆ ಅದೇ ಪೆನ್ನಿಗೆ ಎರಡು ಗ್ಯಾಲನ್, ಅಂದರೆ ಎಂಟು ಕ್ವಾರ್ಟ್ ಸಿಗುತ್ತಿದ್ದುದನ್ನು ನೆನೆದರೆ ಧಾನ್ಯ ಎಷ್ಟು ತುಟ್ಟಿಯಾಗಿತ್ತೆಂಬುದು ತಿಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಈ ಶಾಸನ ಹಳೆಯದಕ್ಕಿಂತ ದಡ್ಡತನದ್ದು. ಹಳೆಯದು ಧಾನ್ಯದ ದರದೊಡನೆ ಏರಿಳಿಯುತ್ತಿತ್ತು. ಇದು ದರ ಏರುತ್ತಲೇ ಇದ್ದ ಕಾಲದಲ್ಲಿ ಪೆನ್ನಿಗೆ ಮೊಳೆ ಹೊಡೆಯಿತು. ಮಾರುವವರು ಮಾಡಿದ್ದೇನೆಂದರೆ ಮುದ್ರೆಯಿಲ್ಲದ ಮಡಕೆ, ಜಗ್ಗುಗಳಲ್ಲಿ ಕಡಿಮೆ ಅಳೆದು ಕೊಟ್ಟರು, ಇಲ್ಲವೇ ಅದೇ ಮಾಲ್ಟ್‌ಗೆ ಹೆಚ್ಚು ನೀರು ಬೆರೆಸಿದರು. ಕಡಿಮೆ ಅಳತೆಯ ದೂರುಗಳು ಆ ಕಾಲದ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತವೆ.

ಬೆಲೆಗಿಂತ ಬಿಗಿಯಾದ ಹಿಡಿತ ಸಿಕ್ಕಿದ್ದು ಪರವಾನಗಿಯಿಂದ. 1552ರ ಶಾಸನದ ಪ್ರಕಾರ ಏಲ್‌ಮನೆ ನಡೆಸುವವನಿಗೆ ಇಬ್ಬರು ನ್ಯಾಯಾಧಿಕಾರಿಗಳ ಅನುಮತಿಯೂ ಒಳ್ಳೆಯ ನಡತೆಗೆ ಮುಚ್ಚಳಿಕೆಯೂ ಬೇಕಾಗಿದ್ದವು. ಕ್ಷಾಮದ ವರ್ಷಗಳಲ್ಲಿ, ಉದಾಹರಣೆಗೆ 1587, 1594, 1622 ಮತ್ತು 1630ರ ಸುಮಾರಿಗೆ, ರಾಜನ ಆಪ್ತಸಭೆಯು ಮಾಲ್ಟ್ ತಯಾರಿಕೆಗೆ ಕಡಿವಾಣ ಹಾಕಿ, ಹೆಚ್ಚುವರಿ ಏಲ್‌ಮನೆಗಳನ್ನು ಮುಚ್ಚಿಸುವಂತೆ ಜಿಲ್ಲೆಗಳಿಗೆ ಆದೇಶ ಕಳುಹಿಸಿತು. ಬಡವರ ರೊಟ್ಟಿಯ ಬಾರ್ಲಿ ಪೀಪಾಯಿಗೆ ಹೋಗದಿರಲಿ ಎಂಬುದೇ ಅದರ ಉದ್ದೇಶ. ಆದರೆ ಏಲ್‌ಮನೆಯನ್ನು ನಡೆಸುತ್ತಿದ್ದವರಲ್ಲಿ ಅನೇಕರು ಬೇರೆ ಜೀವನೋಪಾಯವಿಲ್ಲದ ಬಡವರು, ವಿಧವೆಯರು. ಮುಚ್ಚಿಸಿದರೆ ಅವರನ್ನು ಊರೇ ಸಾಕಬೇಕಾಗುತ್ತಿದ್ದುದರಿಂದ ಸ್ಥಳೀಯರು ಎಷ್ಟೋ ಕಡೆ ಕಣ್ಣು ಮುಚ್ಚಿಕೊಂಡರು.

ಪ್ರಶ್ನೆ: ಕೊನೆಗೆ ಬೆಲೆ ನಿಯಂತ್ರಣ ಏಕೆ ಸಡಿಲವಾಯಿತು?

ಉತ್ತರ: ಬಹುಮುಖ್ಯ ಕಾರಣ ತೆರಿಗೆ. ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದ ಖರ್ಚಿಗಾಗಿ 1643ರಲ್ಲಿ ಸಂಸತ್ತು ಬಿಯರ್ ಮತ್ತು ಏಲ್ ಮೇಲೆ ಅಬಕಾರಿ ಸುಂಕವನ್ನು ಹೇರಿತು. 1660ರಲ್ಲಿ ಅರಸೊತ್ತಿಗೆ ಮರಳಿದರೂ ಸುಂಕ ಉಳಿಯಿತು. ಅಂದಿನಿಂದ ಪೀಪಾಯಿಗೆ 6 ಶಿಲಿಂಗ್‌ಗಿಂತ ಹೆಚ್ಚು ಬೆಲೆಯದು ಗಟ್ಟಿ ಬಿಯರ್, ಅದಕ್ಕಿಂತ ಕಡಿಮೆಯದು ತೆಳು ಬಿಯರ್ ಎಂದು ವಿಂಗಡಿಸಿ, ಗಟ್ಟಿಯದಕ್ಕೆ ಹೆಚ್ಚಿನ ದರ ವಿಧಿಸಿದರು. ಬೆಲೆ ಎಂಬುದು ಹೀಗೆ ಗ್ರಾಹಕನ ರಕ್ಷಣೆಯ ಗೆರೆಯಾಗಿರದೆ ಸುಂಕದ ಗೆರೆಯಾಯಿತು. ರುಚಿ ನೋಡುವವನ ಜಾಗಕ್ಕೆ ಅಳತೆಕೋಲು ಹಿಡಿದ ಸುಂಕದ ಅಧಿಕಾರಿ ಬಂದನು. ತಯಾರಕರ ಮೋಸವೂ ಅದಕ್ಕೆ ತಕ್ಕಂತೆ ಬದಲಾಯಿತು: ಅಧಿಕಾರಿಯು ಅಳೆದು ಹೋದ ಮೇಲೆ ಗಟ್ಟಿ ಬಿಯರನ್ನೂ ತೆಳು ಬಿಯರನ್ನೂ ಬೆರೆಸಿ, ಮಿಶ್ರಣವನ್ನೆಲ್ಲ ಉತ್ತಮ ದರ್ಜೆಯದೆಂದು ಮಾರುವುದು ದೊಡ್ಡ ಲಾಭದ ದಾರಿಯಾಯಿತು.

ಮರುಪ್ರಶ್ನೆ: ಜರ್ಮನಿಯ ಬವೇರಿಯಾದ 1516ರ ಬಿಯರ್ ಶುದ್ಧತೆಯ ಕಾನೂನು ಇದಕ್ಕೆ ಸಂಬಂಧಿಸಿದ್ದೇ?

ಉತ್ತರ: ಇಂಗ್ಲೆಂಡಿಗೂ ಅದಕ್ಕೂ ನೇರ ಸಂಬಂಧವಿಲ್ಲ, ಆದರೆ ಅದೂ ಮೂಲತಃ ಬೆಲೆಯ ಕಾನೂನೇ. ಇಂಗೋಲ್‌ಸ್ಟಾಟ್‌ನಲ್ಲಿ ಹೊರಟ ಆ ಆಜ್ಞೆಯ ಹೆಚ್ಚಿನ ಸಾಲುಗಳು ಬೆಲೆ ಮತ್ತು ಮಾರಾಟದ ಕುರಿತಾಗಿವೆ. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಒಂದು ಮಾಸ್, ಅಂದರೆ ಲೀಟರಿಗಿಂತ ತುಸು ಹೆಚ್ಚಿನ ಬಿಯರಿಗೆ ಬೆಲೆ ಒಂದು ಪೆನ್ನಿಗ್ (ಅಲ್ಲಿನ ಸಣ್ಣ ನಾಣ್ಯ) ಮೀರಬಾರದು, ಬೇಸಿಗೆಯ ತಿಂಗಳುಗಳಲ್ಲಿ ಎರಡು ಪೆನ್ನಿಗ್ ಮೀರಬಾರದು. ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನನ್ನೂ ಹಾಕಬಾರದೆಂಬ ಇಂದಿನ ಪ್ರಸಿದ್ಧ ನಿಯಮ ಅದರಲ್ಲಿ ಒಂದೇ ವಾಕ್ಯ, ಮತ್ತು ಅದರಿಂದ ಗೋಧಿ ರೊಟ್ಟಿಯವರ ಪಾಲಿಗೆ ಉಳಿಯುತ್ತಿತ್ತು.