ಅಪ್‌ಡೇಟ್: ಶ್ರೀಲಂಕಾದಲ್ಲಿ ಕಾರೇ ಮಾಡಿಕೊಂಡೆವು

ಅಪ್ಪ ಅಮ್ಮನ ಜೊತೆ ಶ್ರೀಲಂಕಾ ಸುತ್ತೋಕೆ ಬಸ್ಸು, ರೈಲು ಸಾಕಾ, ಇಲ್ಲಾ ಅಲ್ಲಿನ ಡ್ರೈವರೇ ಗೈಡ್ ಆಗಿ ಬರುವ ಕಾರು ಬೇಕಾ ಅಂತ ಕೇಳಿದ್ದೆ. ಮೊನ್ನೆ ತುಮಕೂರಿಗೆ ವಾಪಸ್ ಬಂದೆವು. ಕಾರು ಅಂದವರಿಗೆಲ್ಲ ಥ್ಯಾಂಕ್ಸ್.

ಕ್ಯಾಂಡಿಯಿಂದ ನುವಾರಾ ಎಲಿಯಾ 80 ಕಿ.ಮೀ. ಕೂಡ ಇಲ್ಲ, ಆದರೆ ಟೀ ತೋಟಗಳ ನಡುವೆ ತಿರುವು ಮೇಲೆ ತಿರುವು ಹತ್ತುತ್ತಾ ಮೂರು ಗಂಟೆ ಹಿಡಿಯಿತು, ಅಮ್ಮನಿಗೆ ಹೊಟ್ಟೆ ತೊಳಸಿ ಎರಡು ಸಲ ನಿಲ್ಲಿಸಿದೆವು. ಬಸ್ಸಲ್ಲಾಗಿದ್ದರೆ?

ಹಳೇ ಕಾಲದ ಕೋಟೆ ಇರುವ ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಡ್ರೈವರ್ ಬೆಳಕು ಹರಿಯುವಷ್ಟರಲ್ಲೇ ಹೊರಡಿಸಿದ್ದರಿಂದ ಬಿಸಿಲು ಏರುವ ಮುಂಚೆ ಇಳಿದೆವು. ಅಪ್ಪ ಮಾತ್ರ ದಾರಿ ಮಧ್ಯೆ ಸಿಗುವ ದೊಡ್ಡ ಸಿಂಹದ ಪಂಜದ ಶಿಲ್ಪದವರೆಗೆ ಹತ್ತಿ, "ನಮ್ಮ ಮಧುಗಿರಿ ಬೆಟ್ಟದ ಮುಂದೆ ಇದೇನು ಮಹಾ" ಅಂದು ಅಲ್ಲೇ ಕೂತುಬಿಟ್ಟರು!

ಕಿರಿಕಿರಿ ಆಗಿದ್ದು ಒಂದೇ. ಮಸಾಲೆ ತೋಟ, ರತ್ನದ ಅಂಗಡಿ ಅಂತ ಡ್ರೈವರ್ ಸುಮ್ನೆ ನಿಲ್ಲಿಸುತ್ತಾರೆ, ಕಮಿಷನ್ ಇರುತ್ತದಲ್ವಾ. ಮೂರನೆಯದಕ್ಕೆ ಬೇಡ ಅಂದೆ, ಅವರೇನೂ ಮುಖ ಗಂಟು ಹಾಕಿಕೊಳ್ಳಲಿಲ್ಲ. ದಿನಕ್ಕೆ ಎಷ್ಟು ಕಿ.ಮೀ., ಡ್ರೈವರ್ ಊಟ, ರೂಮು, ಪಾರ್ಕಿಂಗ್ ಖರ್ಚು ಯಾರದ್ದು ಅನ್ನೋದನ್ನು ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಾವು ಪಾರ್ಕಿಂಗ್ ಕೇಳೋದು ಮರೆತಿದ್ದೆವು, ಕೊನೇ ದಿನ ನಮ್ಮ ಲೆಕ್ಕಕ್ಕೇ ಬಂತು.