ಲೋಹ ಕಡಿಮೆ ಇರುವ ನಕ್ಷತ್ರಕ್ಕೆ ಗುರುವಿನಂಥ ಗ್ರಹ ಏಕೆ ಅಪರೂಪ?

ಕಾಪು ಮೇಷ್ಟ್ರು: ಒಂಬತ್ತನೆಯ ತರಗತಿಯವರನ್ನು ಪಿಲಿಕುಳದ ತಾರಾಲಯಕ್ಕೆ ಕರೆದೊಯ್ದಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ ಒಬ್ಬಳು ಪಟ್ಟು ಹಿಡಿದಳು: ಗುರುಗ್ರಹ ಬಹುಪಾಲು ಹೈಡ್ರೋಜನ್, ಹೀಲಿಯಂ ತಾನೇ? ಅದಕ್ಕೆ ಲೋಹವೇಕೆ (ಖಗೋಳಜ್ಞರ ಮಾತಿನಲ್ಲಿ ಹೀಲಿಯಂಗಿಂತ ಭಾರವಾದ ಎಲ್ಲ ಮೂಲವಸ್ತು) ಬೇಕು? ಸುರತ್ಕಲ್ ದಾಟುವಷ್ಟರಲ್ಲಿ ಚರ್ಚೆ ಜಗಳವಾಗಿತ್ತು. ತಿಳಿದವರು ಹೇಳಿ.

ಮಣಿಪಾಲದ ಓದುಗ: ಮೇಷ್ಟ್ರೇ, ಹುಡುಗಿ ಚುರುಕಾಗಿದ್ದಾಳೆ. ಅನಿಲವನ್ನು ಸೆಳೆದುಕೊಳ್ಳಲು ಮೊದಲು ಭೂಮಿಯ ಸುಮಾರು 10 ಪಟ್ಟು ರಾಶಿಯ ಗಟ್ಟಿ ತಿರುಳು ಬೇಕು. ನಕ್ಷತ್ರದ ಸುತ್ತಲಿನ ಅನಿಲವೋ ಕೆಲವೇ ದಶಲಕ್ಷ ವರ್ಷಗಳಲ್ಲಿ ಚದುರಿಹೋಗುತ್ತದೆ. ತಿರುಳು ಕಟ್ಟುವ ದೂಳು ಈ ಲೋಹಗಳಿಂದಲೇ ಆದದ್ದು; ಅದು ಕಡಿಮೆಯಿದ್ದರೆ ತಿರುಳು ಸಿದ್ಧವಾಗುವಷ್ಟರಲ್ಲಿ ಪಂಕ್ತಿ ಎದ್ದಿರುತ್ತದೆ! ಕೆಕ್ ದೂರದರ್ಶಕದಿಂದ ಲೋಹ ಕಡಿಮೆಯಿರುವ ಸುಮಾರು 160 ನಕ್ಷತ್ರಗಳನ್ನು ಜಾಲಾಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ದೈತ್ಯಗ್ರಹ ಒಂದೂ ಇರಲಿಲ್ಲ.

ಪಣಂಬೂರಿನವ: ಹುಡುಕುವುದೂ ಕಷ್ಟ. ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವುದನ್ನು ಅಳೆಯುವುದು ಅದರ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಕಪ್ಪುಗೆರೆಗಳಿಂದ. ಲೋಹ ಕಡಿಮೆಯಾದರೆ ಗೆರೆಗಳೇ ಮಸುಕು. ಲೋಹ ಕಡಿಮೆಯಿರುವ ಹಿಪ್ 13044 ಎಂಬ ನಕ್ಷತ್ರದ ಗ್ರಹವನ್ನು 2010ರಲ್ಲಿ ಸಂಭ್ರಮದಿಂದ ಘೋಷಿಸಿದರು, 2014ರ ಮರುಲೆಕ್ಕದಲ್ಲಿ ಅದು ಮಾಯವಾಯಿತು.

ಮಣಿಪಾಲದ ಓದುಗ: ಪೂರ್ತಿ ಕೈಚೆಲ್ಲಬೇಡಿ. ವೃಶ್ಚಿಕ ರಾಶಿಯಲ್ಲಿರುವ, ಲೋಹ ಕಡಿಮೆಯ ಎಂ4 ಎಂಬ ನಕ್ಷತ್ರಗುಚ್ಛದಲ್ಲಿ, ಪಲ್ಸಾರ್ (ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರ) ಮತ್ತು ಶ್ವೇತಕುಬ್ಜದ (ಸತ್ತ ನಕ್ಷತ್ರದ ಉಳಿಕೆ) ಜೋಡಿಯನ್ನು ಸುತ್ತುವ, ಗುರುವಿಗಿಂತ ಭಾರವಾದ ಗ್ರಹವಿದೆ. ಗುಚ್ಛ ಜ್ಯೇಷ್ಠಾ ನಕ್ಷತ್ರದ ಪಕ್ಕದಲ್ಲೇ ಇದೆ, ಬೈನಾಕ್ಯುಲರ್‌ಗೆ ಕಾಣುತ್ತದೆ. ಕಾಪು ದೀಪಸ್ತಂಭಕ್ಕೆ ಬೆನ್ನು ಹಾಕಿ, ಮಳೆಗಾಲಕ್ಕೆ ಮೊದಲೇ ಮಕ್ಕಳಿಗೆ ತೋರಿಸಿಬಿಡಿ.