ಪಾಪ್-ಅಪ್ ಕ್ಯಾಂಪರ್: ಹಾಸಿಗೆ ಅಡಿ ನೀರು, ಸೀಲರ್ ಬಳಿದ್ರೂ ನಿಲ್ತಿಲ್ಲ

ಗದ್ದೆಬದಿ:
ತಲೆ ಕೆಟ್ಟು ಹೋಗಿದೆ. ಕೊಡಗಿನ ಕಕ್ಕಬ್ಬೆ ಹತ್ತಿರ ಭಾವನ ತೋಟದಲ್ಲಿ ಪಾಪ್-ಅಪ್ (ಚಾವಣಿ ಮೇಲೆತ್ತಿ, ಎರಡೂ ಬದಿ ಮಂಚ ಹೊರಗೆಳೆಯೋ ಕ್ಯಾನ್ವಾಸ್ ಟ್ರೇಲರ್) ಬಿಚ್ಚಿ ಮನೆಮಂದಿಯೆಲ್ಲ ಮಲಗಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಎರಡೂ ಬದಿ ಮಂಚದ ಹಾಸಿಗೆ ಅಡಿ ಒದ್ದೆ. ಮೇಲಿನ ಬಟ್ಟೆ ಒಣಗೇ ಇದೆ. ಫೋಮ್ ಮಗುಚಿ ಒತ್ತಿದ್ರೆ ನೀರು ಒಸರುತ್ತೆ, ಪ್ಲೈವುಡ್ ಮೇಲೆ ಕೈಯಾಡಿಸಿದ್ರೆ ಅಂಗೈ ತೋಯುತ್ತೆ. ಒಂದು ಮೂಲೆಯಲ್ಲಿ ಕಪ್ಪು ಚುಕ್ಕೆ ಶುರುವಾಗಿದೆ, ಮುಗ್ಗಲು ವಾಸನೆ. ಹೊಲಿಗೆಗೆಲ್ಲ ಸೀಲರ್ ಬಳಿದೆ, ಮತ್ತೆ ಅದೇ ಕಥೆ. ಕಟ್ಟಿಕೊಟ್ಟ ವರ್ಕ್‌ಶಾಪ್‌ನವರು ಫೋನ್ ಎತ್ತಲ್ಲ. ನೀರು ಎಲ್ಲಿಂದ ಬರ್ತಿದೆ? ಹೋಮ್‌ಸ್ಟೇ ತಗೊಳ್ಳಿ ಅಂತ ಮಾತ್ರ ಯಾರೂ ಹೇಳ್ಬೇಡಿ.

ಟಾರ್ಪಾಲ್:
ಹೊಲಿಗೆಯೇ. ಬೇರೆ ಏನೂ ಅಲ್ಲ. ಮಂಚ ಹೊರಗೆ ಎಳೆದಾಗ ಕ್ಯಾನ್ವಾಸ್ ಬಿಗಿಯಾಗಿ ಸೂಜಿ ತೂತು ಬಾಯಿ ಬಿಡುತ್ತೆ. ಸೀಲರನ್ನು ಒಳಗಿಂದ ಬಳಿದ್ರಾ, ಹೊರಗಿಂದಲಾ? ಬಟ್ಟೆ ಎಳೆದು ಬಿಗಿದ ಸ್ಥಿತಿಯಲ್ಲೇ ಹೊರಗಿಂದ ಬಳೀಬೇಕು.

ಗದ್ದೆಬದಿ:
ಹೊರಗಿಂದಲೇ, ಬಿಗಿದೇ ಬಳಿದಿದ್ದು.

ಟಾರ್ಪಾಲ್:
ಹಾಗಾದ್ರೆ ಕ್ಯಾನ್ವಾಸನ್ನು ಸೋಪಿನ ಪುಡಿ ಹಾಕಿ ತೊಳೆದಿರ್ತೀರಿ. ಡಿಟರ್ಜೆಂಟ್ ತಾಗಿದ್ರೆ ನೀರು ತಡೆಯೋ ಲೇಪ ಹೋಗುತ್ತೆ. ಬರೀ ನೀರಲ್ಲಿ ಮೆತ್ತಗೆ ಬ್ರಷ್ ಮಾಡಿ, ಪೂರ್ತಿ ಒಣಗಿಸಿ, ಇನ್ನೊಂದು ಸಲ ಸೀಲರ್ ಬಳೀರಿ. ಅದು ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ.

ಘಟ್ಟದ ಡ್ರೈವರ್:
ಕಕ್ಕಬ್ಬೆಗೆ ಟ್ರೇಲರ್ ಎಳ್ಕೊಂಡು ಯಾವ ಕಡೆಯಿಂದ ಹೋದ್ರಿ? ನಾಪೋಕ್ಲು ಕಡೆಯಿಂದಲಾ, ವಿರಾಜಪೇಟೆ ಕಡೆಯಿಂದಲಾ? ಆ ತಿರುವುಗಳಲ್ಲಿ ಎದುರಿಗೆ ಬಸ್ ಬಂದ್ರೆ ಟ್ರೇಲರ್ ಹಿಂದಕ್ಕೆ ತಗೊಳ್ಳೋದು ಕಷ್ಟ. ಎಳೆಯೋ ಗಾಡಿ ಯಾವುದು?

ಗದ್ದೆಬದಿ:
ಬೊಲೆರೊ, ನಾಪೋಕ್ಲು ಮೇಲೆ. ಸಾರ್, ನನ್ನ ತೊಂದರೆ ನೀರು.

ಘಟ್ಟದ ಡ್ರೈವರ್:
ಬೊಲೆರೊ ಸಾಕು. ಆದ್ರೆ ಇಳಿಯುವಾಗ ಬ್ರೇಕ್ ಒತ್ತಿ ಹಿಡೀಬೇಡಿ, ಎರಡನೇ ಗೇರಿಗೆ ಹಾಕಿ ಇಂಜಿನ್‌ನಲ್ಲೇ ತಡೀರಿ.

ಲಿಥಿಯಂ ಪ್ರಿಯ:
ಇದಕ್ಕೇ ನಾನು ಪಾಪ್-ಅಪ್ ಬಿಟ್ಟು ರೂಫ್‌ಟಾಪ್ ಟೆಂಟಿಗೆ ಹೋದೆ. ಸ್ಕಾರ್ಪಿಯೋ ಮೇಲೆ ಟೆಂಟ್, 200 ವ್ಯಾಟ್ ಸೋಲಾರ್, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಡೀಸೆಲ್ ಹೀಟರ್. ತಲಕಾವೇರಿ ಕಡೆಯ ಚಳಿಯಲ್ಲೂ ಒಳಗೆ ಬೆಚ್ಚಗೆ, ಒಣಗೆ. ಫೋಟೋ ಹಾಕ್ತೀನಿ.

ಟಾರ್ಪಾಲ್:
ರೂಫ್‌ಟಾಪಲ್ಲಿ ಮಕ್ಕಳನ್ನು ರಾತ್ರಿ ಏಣಿ ಇಳಿಸಿ ಶೌಚಕ್ಕೆ ಕರ್ಕೊಂಡು ಹೋಗಿ ನೋಡಿ, ಆಮೇಲೆ ಮಾತಾಡೋಣ. ಕುಟುಂಬಕ್ಕೆ ಪಾಪ್-ಅಪ್ಪೇ ಸರಿ.

ರೊಬಸ್ಟಾ:
ಗದ್ದೆಬದಿಯವರೇ, ಆ ರಾತ್ರಿ ಮಳೆ ಬಂದಿತ್ತಾ? ಅದನ್ನು ಯಾರೂ ಕೇಳೇ ಇಲ್ಲ.

ಗದ್ದೆಬದಿ:
ಡಿಸೆಂಬರ್‌ನಲ್ಲಿ ಎಲ್ಲಿಯ ಮಳೆ? ಒಂದು ಹನಿ ಇಲ್ಲ. ಕೊಯ್ಲಾದ ಗದ್ದೆಯಲ್ಲಿ ನಿಲ್ಲಿಸಿದ್ವಿ, ಬೆಳಗಿನ ಜಾವ ಬರೀ ಮಂಜು. ಮಕ್ಕಳಿಗೆ ಥಂಡಿ ಆಗ್ಬಾರ್ದು ಅಂತ ಕಿಟಕಿ ಜಿಪ್ ಎಲ್ಲ ಎಳೆದಿದ್ವಿ. ರಾತ್ರಿ ಒಳಗೇ ಗ್ಯಾಸ್ ಹಚ್ಚಿ ಕಡಂಬುಟ್ಟು (ಅಕ್ಕಿ ಕಡುಬು) ಬೇಯಿಸಿದ್ದು.

ರೊಬಸ್ಟಾ:
ನೀರು ಹೊರಗಿಂದ ಬಂದಿಲ್ಲ, ಒಳಗೇ ಹುಟ್ಟಿದೆ. ಒಂದು ಕೆಜಿ ಎಲ್‌ಪಿಜಿ ಉರಿದ್ರೆ ಸುಮಾರು ಒಂದೂವರೆ ಕೆಜಿ ನೀರಾವಿ ಬರುತ್ತೆ. ಕಡುಬಿನ ಹಬೆ, ಮಲಗಿದವರ ಉಸಿರು, ಬೆವರು ಬೇರೆ. ಜಿಪ್ ಮುಚ್ಚಿದ್ರೆ ಅದಕ್ಕೆ ಹೋಗೋಕೆ ದಾರಿ ಇಲ್ಲ. ನಿಮ್ಮ ಮಂಚ ಟ್ರೇಲರಿಂದ ಹೊರಗೆ ಚಾಚಿಕೊಂಡಿದೆ, ಹಲಗೆ ಅಡಿ ಬರೀ ತಣ್ಣನೆ ಗಾಳಿ. ಮೈ ಶಾಖಕ್ಕೆ ಆವಿ ಫೋಮ್ ಒಳಗೆ ಇಳಿದು, ತಣ್ಣಗಿರೋ ಹಲಗೆ ತಾಗಿ ನೀರಾಗುತ್ತೆ. ಅದಕ್ಕೇ ಮೇಲೆ ಒಣ, ಅಡಿಯಲ್ಲಿ ಒದ್ದೆ.

ಜಾಗವೂ ಸರಿಯಿಲ್ಲ. ನಮ್ಮ ಕಡೆ ಕಾಫಿ ಇಳಿಜಾರಲ್ಲಿ, ಗದ್ದೆ ತಗ್ಗಲ್ಲಿ. ರಾತ್ರಿ ತಣ್ಣನೆ ಗಾಳಿ ಭಾರವಾಗಿ ಗದ್ದೆಗೇ ಇಳಿಯುತ್ತೆ, ಮಂಜೂ ಅಲ್ಲೇ ಕೂರುತ್ತೆ. ಮೇಲೆ ತೋಟದ ಮನೆ ಪಕ್ಕ ನಿಲ್ಲಿಸಿ.

ಟಾರ್ಪಾಲ್:
ಬೆವರಿಗೆ ಫೋಮ್ ಒಸರುವಷ್ಟು ನೀರಾಗಲ್ಲ. ಹೊಲಿಗೆ ನೋಡಿ.

ರೊಬಸ್ಟಾ:
ವಾದ ಬೇಡ, ಪರೀಕ್ಷೆ ಮಾಡಲಿ. ಹಲಗೆ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಅದರ ಮೇಲೆ ಹಾಸಿಗೆ. ಬೆಳಿಗ್ಗೆ ಹಾಳೆಯ ಮೇಲ್ಮೈ ಒದ್ದೆ ಇದ್ರೆ ಒಳಗಿನ ಆವಿ. ಹಾಳೆ ಅಡಿ ಒದ್ದೆ ಇದ್ರೆ ಹೊರಗಿನ ನೀರು.

ಕುಶಾಲನಗರ 71:
ಮಲಗೋ ಮೊದಲು ಒಂದು ಬಾಣಲೆ ಕೆಂಡ ಒಳಗಿಡಿ, ಎಲ್ಲ ಒಣಗುತ್ತೆ.

ರೊಬಸ್ಟಾ:
ದಯವಿಟ್ಟು ಬೇಡ. ಮುಚ್ಚಿದ ಟೆಂಟಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತೆ. ಮಕ್ಕಳು ಮಲಗೋ ಜಾಗ ಅದು. ಗ್ಯಾಸ್ ಒಲೆಯನ್ನೂ ಹೊರಗೆ ತನ್ನಿ. ಲಿಥಿಯಂ ಪ್ರಿಯರ ಡೀಸೆಲ್ ಹೀಟರ್ ಬೇರೆ ಥರ, ಅದರ ಹೊಗೆ, ಆವಿ ಎರಡೂ ಪೈಪಲ್ಲಿ ಹೊರಗೆ ಹೋಗುತ್ತೆ.

ಕುಶಾಲನಗರ 71:
ನಮ್ಮಜ್ಜನ ಕಾಲದಿಂದ ಒಳಗೆ ಕೆಂಡ ಇಟ್ಟೇ ಮಲಗಿದ್ದು.

ರೊಬಸ್ಟಾ:
ಅಜ್ಜನ ಮನೆಗೆ ಹೆಂಚಿತ್ತು, ಸಂದಿಯಲ್ಲಿ ಗಾಳಿ ಆಡ್ತಿತ್ತು. ಜಿಪ್ ಎಳೆದ ಕ್ಯಾನ್ವಾಸಲ್ಲಿ ಆಡಲ್ಲ.

ಗದ್ದೆಬದಿ:
ಹಾಳೆ ಹಾಸಿ ಮಲಗಿದ್ವಿ. ಅಡುಗೆ ಹೊರಗೆ, ಎದುರುಬದುರು ಕಿಟಕಿ ಒಂದೊಂದು ಗೇಣು ತೆರೆದು, ಸೊಳ್ಳೆ ಜಾಲರಿ ಮಾತ್ರ ಮುಚ್ಚಿ. ಎರಡೂ ಮಂಚದಲ್ಲಿ ಹಾಳೆಯ ಮೇಲೆ ಸಣ್ಣ ಸಣ್ಣ ಹನಿ, ಆದ್ರೆ ಮೊದಲಿನ ಕಾಲುಭಾಗವೂ ಇಲ್ಲ. ಒಂದು ವಿಷಯ ಮಾತ್ರ ಅರ್ಥ ಆಗ್ತಿಲ್ಲ. ಚುಕ್ಕೆ ಬಂದ ಮೂಲೆಯಲ್ಲಿ ಹಾಳೆ ಅಡಿಯೂ ಒದ್ದೆ.

ಟಾರ್ಪಾಲ್:
ಹೊಲಿಗೆ!

ರೊಬಸ್ಟಾ:
ಹನಿಗೆ ಪರಿಹಾರ ಸುಲಭ. ಫೋಮ್ ಅಡಿ ದಪ್ಪ ತೆಂಗಿನನಾರಿನ ಚಾಪೆ ಹಾಸಿ, ಗಾಳಿ ಆಡಲಿ. ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಲಿಸಿ, ಒದ್ದೆ ಇರುವಾಗ ಕ್ಯಾಂಪರ್ ಮಡಚಬೇಡಿ. ಮಡಚಲೇಬೇಕಾದ್ರೆ ಮನೆ ತಲುಪಿದ ದಿನವೇ ಬಿಚ್ಚಿ ಒಣಗಿಸಿ. ಆ ಮೂಲೆಯಲ್ಲಿ ಚಾವಣಿ ಉಳಿದ ಮೂರು ಮೂಲೆಗಳಷ್ಟೇ ಎತ್ತರಕ್ಕೆ ಬರುತ್ತಾ?

ಗದ್ದೆಬದಿ:
ಅಳೆದೆ. ಎರಡು ಇಂಚು ಕಮ್ಮಿ.

ಘಟ್ಟದ ಡ್ರೈವರ್:
ಚಾವಣಿ ಎತ್ತುವ ಕೇಬಲ್ ಹಿಗ್ಗಿದೆ. ಚಾವಣಿ ತಗ್ಗಿದ ಕಡೆ ಕ್ಯಾನ್ವಾಸ್ ಜೋಲು ಬಿದ್ದು ಮಡಿಕೆಯಲ್ಲಿ ಇಬ್ಬನಿ ನಿಲ್ಲುತ್ತೆ, ಅಲ್ಲಿಂದ ಬಟ್ಟೆ ಅಂಚು ಹಿಡಿದು ಹಲಗೆಗೆ ಇಳಿಯುತ್ತೆ. ಕೇಬಲ್ ಬಿಗಿ ಮಾಡೋ ಮೊದಲು ಅದರ ಪೂರ್ತಿ ಉದ್ದ ನೋಡಿ, ಒಂದು ಎಳೆ ತುಂಡಾಗಿದ್ರೂ ಬದಲಾಯಿಸಲೇಬೇಕು. ಚಾವಣಿಗೆ ನಾಲ್ಕೂ ಮೂಲೆಯಲ್ಲಿ ಮರದ ಆಧಾರ ಕೊಡದೆ ಕೆಳಗೆ ಕೈ ಹಾಕ್ಬೇಡಿ.

ಟಾರ್ಪಾಲ್:
ಜೋಲು ಬಿದ್ದ ಕಡೆ ಹೊಲಿಗೆ ಸವೆಯುತ್ತೆ, ಅದನ್ನೇ ನಾನು ಹೇಳಿದ್ದು.

ಗದ್ದೆಬದಿ:
ಕೇಬಲ್ ಬಿಚ್ಚಿದೆ, ರಾಟೆ ಹತ್ತಿರ ಎಳೆಗಳು ಬಿಡಿಸ್ಕೊಂಡಿವೆ. 4 ಮಿಮೀ ಸ್ಟೀಲ್ ಕೇಬಲ್, ತುದಿಗೆ ಕಣ್ಣು (ಕುಣಿಕೆ) ಕೂರಿಸಿ ಒತ್ತಿಕೊಡೋರು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಯಾರಿದ್ದಾರೆ? ಮೈಸೂರಿಗೇ ಹೋಗ್ಬೇಕಾ?

ಲಿಥಿಯಂ ಪ್ರಿಯ:
ಸೋಲಾರ್ ಫೋಟೋ ಹಾಕಿದೀನಿ, ನೋಡಿ.